ಲೆಕ್ಕ ಕೊಟ್ಟ ಊರಿಗೆ ಲೆಕ್ಕ ತೋರಿಸಿ

ಸಂಪಾದಕರಿಗೆ,

ಮಾನ್ಯರೇ,

ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆ ಕುರಿತು ತಮ್ಮ ಪತ್ರಿಕೆಯಲ್ಲಿ ಬರುವ ಲೇಖನ, ಪತ್ರಗಳನ್ನು ತಪ್ಪದೆ ಓದುತ್ತೇನೆ. ಬಹುಪಾಲು ಹಣದ ಮಾತೇ ಇರುತ್ತದೆ. ಪ್ರದೇಶಾಭಿವೃದ್ಧಿ ಮಂಡಳಿಗೆ ಎಷ್ಟು ಕೋಟಿ ಕೊಟ್ಟರು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಗದೆ ಉಳಿಯಿತು. ಆ ಚರ್ಚೆ ಬೇಕೇ ಬೇಕು. ಆದರೆ ಹಣ ಹಂಚುವ ಮೊದಲು ಯಾರೋ ಒಬ್ಬರು ಊರೂರು ತಿರುಗಿ ಲೆಕ್ಕ ಬರೆದುಕೊಂಡಿರುತ್ತಾರೆ. ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ನಿರ್ಧಾರವಾಗುವುದು ಆ ಲೆಕ್ಕದ ಮೇಲೆ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ರಾಯಚೂರು ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಸಾಂಖ್ಯಿಕ ನಿರೀಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ಮಳೆ ಲೆಕ್ಕ, ಬೆಳೆ ಕಟಾವು ಪ್ರಯೋಗ, ಜನನ ಮರಣ ನೋಂದಣಿಯ ತಪಾಸಣೆ, ಕೃಷಿ ಗಣತಿ, ಸಣ್ಣ ನೀರಾವರಿ ಗಣತಿ, ಇವೇ ನನ್ನ ಬದುಕು. ಆ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ಸಾಧ್ಯವಾದಷ್ಟು ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರನ್ನು ನಮ್ಮ ಭಾಗದಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಪ್ರಾದೇಶಿಕ ಅಸಮತೋಲನ ನಿವಾರಣೆಗೆ 2000ದಲ್ಲಿ ರಚನೆಯಾದ ಆ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ಒಂದೊಂದಕ್ಕೂ ಒಂದು ಸೂಚ್ಯಂಕ ಕೊಟ್ಟು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕೆಳಗಿರುವ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, ಅದರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ. ಎಲ್ಲಕ್ಕಿಂತ ಕೆಳಗೆ ನಮ್ಮ ಜಿಲ್ಲೆಯ ದೇವದುರ್ಗ, 0.53.

ಆ ವರದಿಯನ್ನು ನಾನು ಇಂದಿಗೂ ಗೌರವದಿಂದ ಕಾಣುತ್ತೇನೆ. ಧಾರವಾಡದಲ್ಲಿ ಪಾಠ ಹೇಳಿದ ಒಬ್ಬ ಅರ್ಥಶಾಸ್ತ್ರಜ್ಞರು, ‘ನಮ್ಮ ಕಡೆ ಏನೂ ಆಗಿಲ್ಲ’ ಎಂಬ ಗೊಣಗಾಟಕ್ಕೆ ಅಂಕಿಯ ಬಲ ತಂದುಕೊಟ್ಟರು. ದಕ್ಷಿಣದ 13 ತಾಲ್ಲೂಕುಗಳೂ ಅದೇ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿದ್ದವು ಎಂಬುದನ್ನು ಮುಚ್ಚಿಡಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಹಾಕಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಇದರ ಆಧಾರದ ಮೇಲೆ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಯಿತು. ವಿಶ್ವಬ್ಯಾಂಕ್ ನೆರವಿನ ಗ್ರಾಮ ಸ್ವರಾಜ್ ಯೋಜನೆ ಬಂದಾಗ ಆ 39 ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳನ್ನೇ ಆರಿಸಿಕೊಂಡರು. ತಮ್ಮ ಊರಿಗೆ ಏನು ಬೇಕೋ ಅದಕ್ಕೆ ಖರ್ಚು ಮಾಡಬಹುದಾದ ಹಣ ಅನೇಕ ಪಂಚಾಯಿತಿಗಳ ಕೈಗೆ ಮೊದಲ ಸಲ ಬಂದದ್ದು ಆಗಲೇ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಆದ ಮೇಲೂ ತಾಲ್ಲೂಕುಗಳಿಗೆ ಹಣ ಹಂಚಲು ಆಧಾರವಾದದ್ದು ಇದೇ ಸೂಚ್ಯಂಕ. ಒಂದು ಸಂಶೋಧನೆ ಇಷ್ಟು ವರ್ಷ, ಇಷ್ಟು ದೊಡ್ಡ ಹಣವನ್ನು ನಡೆಸಿದ ಇನ್ನೊಂದು ಉದಾಹರಣೆ ನಮ್ಮ ರಾಜ್ಯದಲ್ಲಿ ನನಗೆ ಗೊತ್ತಿಲ್ಲ.

ಮಂಡಳಿಗೆ ಮೊದಲು ಸಿಗುತ್ತಿದ್ದುದಕ್ಕೂ ಈಗ ಬಜೆಟ್ಟಿನಲ್ಲಿ ಘೋಷಣೆಯಾಗುವ 5,000 ಕೋಟಿ ರೂಪಾಯಿಗೂ ಅಜಗಜಾಂತರ. ಇಷ್ಟು ಹಣ ಹರಿಯುವಾಗ ಅದರ ಅಳತೆಗೋಲು ಇಪ್ಪತ್ತೈದು ವರ್ಷ ಹಳೆಯದಾಗಿರುವುದು ನನ್ನ ಮೊದಲ ಸಂಕಟ.

ಒಂದು ಉದಾಹರಣೆ ಕೊಡುತ್ತೇನೆ. ಮಸ್ಕಿ ಇವತ್ತು ಒಂದು ತಾಲ್ಲೂಕು. 2002ರಲ್ಲಿ ಅದು ತಾಲ್ಲೂಕೇ ಆಗಿರಲಿಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿ ಈ ಮೂರು ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಅದನ್ನು ಮಾಡಿದರು. ಮೂರಕ್ಕೂ ಮೂರು ಬೇರೆ ಸೂಚ್ಯಂಕ. ಹಾಗಾದರೆ ಮಸ್ಕಿಯ ಸೂಚ್ಯಂಕ ಯಾವುದು? ಮಾನ್ವಿಯಿಂದ ಸಿರವಾರ ಬೇರೆಯಾಯಿತು, ದೇವದುರ್ಗದಿಂದ ಅರಕೇರಾ. ಯಾದಗಿರಿ ಜಿಲ್ಲೆಯಲ್ಲಿ ಮೂರಿದ್ದ ತಾಲ್ಲೂಕುಗಳು ಹುಣಸಗಿ, ವಡಗೇರಾ, ಗುರುಮಠಕಲ್ ಸೇರಿ ಆರಾದವು. ಆ ಯಾದಗಿರಿ ಜಿಲ್ಲೆಯೇ ವರದಿ ಬರೆಯುವಾಗ ಇರಲಿಲ್ಲ. ಜನಗಣತಿಯೂ 2011ರಲ್ಲೇ ನಿಂತಿದೆ, ಮುಂದಿನದು 2027ಕ್ಕೆ. ಯಾದಗಿರಿಯ ಸಾಕ್ಷರತೆ ಶೇ 51.83 ಎಂದು ಎಲ್ಲ ಭಾಷಣಗಳಲ್ಲೂ ಕೇಳುತ್ತೇವೆ. ಆ ಎಣಿಕೆಯಾದಾಗ ಒಂದನೇ ತರಗತಿಗೆ ಸೇರಿದ ಮಗು ಈಗ ಮತದಾರ.

ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ 2024ರಲ್ಲಿ ಹೊಸ ಸಮಿತಿ ಮಾಡಿದಾಗ ನನ್ನಂಥವರಿಗೆ ಸಮಾಧಾನವಾಯಿತು. ನಂಜುಂಡಪ್ಪ ವರದಿಯ ನಂತರ ಏನಾಯಿತು ಎಂದು ನೋಡುವುದೂ, ಹೊಸ ಮಾನದಂಡ ಹುಡುಕುವುದೂ ಆ ಸಮಿತಿಯ ಕೆಲಸ. ಮುಂದಿನ ಎಷ್ಟೋ ವರ್ಷದ ಹಣ ಹಂಚಿಕೆ ಈ ಹೊಸ ಲೆಕ್ಕದ ಮೇಲೆ ನಿಲ್ಲಬಹುದು. ಆದ್ದರಿಂದ ಏನನ್ನು ಎಣಿಸುತ್ತೇವೆ, ಯಾವಾಗ ಎಣಿಸುತ್ತೇವೆ, ಎಣಿಸಿದ್ದನ್ನು ಯಾರಿಗೆ ತೋರಿಸುತ್ತೇವೆ ಎಂಬುದು ಊರಿನ ಜನರೂ ಕೂತು ಮಾತಾಡಬೇಕಾದ ವಿಷಯ.

ಹಳೆಯ ಸೂಚಕಗಳಲ್ಲಿ ಲಕ್ಷ ಜನಸಂಖ್ಯೆಗೆ ಎಷ್ಟು ಟೆಲಿಫೋನ್, ಎಷ್ಟು ಅಂಚೆ ಕಚೇರಿ ಎಂಬುವು ಇದ್ದವು. ಆ ಕಾಲಕ್ಕೆ ಸರಿ. ಹಳ್ಳಿಯಲ್ಲಿ ಒಂದು ಫೋನಿದೆ ಎಂದರೆ ಹೆರಿಗೆ ಕಷ್ಟವಾದಾಗ ಜೀಪು ಕರೆಸಬಹುದಿತ್ತು. ಇವತ್ತು ತಾಂಡಾದ ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಇಂಥವನ್ನು ಹೊಸ ಸಮಿತಿ ಬಿಟ್ಟೇ ಬಿಡುತ್ತದೆ, ಆ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಇಂದಿಗೂ ಅತ್ಯಂತ ಮುಖ್ಯ ಎನಿಸುವ ಸೂಚಕಗಳ ಬಗ್ಗೆ. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆಯ ಹೊರಗೆ ಎಷ್ಟು ಮಕ್ಕಳು, ಎಷ್ಟು ಜನವಸತಿಗಳಿಗೆ ಕುಡಿಯುವ ನೀರು.

ಹಾಸಿಗೆ ವಿಷಯವನ್ನೇ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ 6 ಹಾಸಿಗೆ ಎಂದು ನಮೂನೆಯಲ್ಲಿ ಬರೆಯುತ್ತೇವೆ. ನಮ್ಮ ಜಿಲ್ಲೆಯ ಒಂದು ಆರೋಗ್ಯ ಕೇಂದ್ರಕ್ಕೆ ವರ್ಷಗಟ್ಟಲೆ ಹೋಗಿದ್ದೇನೆ. ಊರಿನ ಹೆಸರು ಬೇಡ, ಅಂಥವು ಇನ್ನೂ ಇವೆ. ಕಟ್ಟಡ ಗಟ್ಟಿಯಾಗಿತ್ತು, ಮಂಚಗಳೂ ಆರು ಇದ್ದವು. ನಾಲ್ಕರ ಮೇಲೆ ಔಷಧಿಯ ಖಾಲಿ ಪೆಟ್ಟಿಗೆ, ಹಳೆ ಕಡತ. ವೈದ್ಯರು ದಾಖಲೆಯಲ್ಲಿ ಅಲ್ಲಿಯವರು, ಕೆಲಸ ಮಾಡುವುದು ನಿಯೋಜನೆಯ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ. ಸಂಜೆಯ ಮೇಲೆ ಹೆರಿಗೆ ನೋವು ಬಂದರೆ ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ರಾಯಚೂರಿಗೆ. ಆದರೂ ನನ್ನ ತಃಖ್ತೆಯಲ್ಲಿ ಒಬ್ಬ ವೈದ್ಯರು, 6 ಹಾಸಿಗೆ ಎಂದೇ ಹೋಗುತ್ತಿತ್ತು, ಏಕೆಂದರೆ ನಮೂನೆಯಲ್ಲಿ ಕೇಳಿದ್ದು ಅಷ್ಟೇ. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು ಎಂದು ಕೇಳುತ್ತಾರೆ. ತಿಂಗಳಲ್ಲಿ ಎಷ್ಟು ದಿನ ವೈದ್ಯರು ಕೂತಿದ್ದರು, ರಾತ್ರಿ ಎಷ್ಟು ಹೆರಿಗೆ ಆದವು ಎಂದು ಕೇಳುವ ಕಾಲಂ ಇರಲಿಲ್ಲ. ಆ ಲೆಕ್ಕ ಅಲ್ಲಿನ ಹೆರಿಗೆ ರಿಜಿಸ್ಟರಿನಲ್ಲೇ ಇತ್ತು, ಯಾರಾದರೂ ಕೇಳಿದ್ದರೆ ಐದು ನಿಮಿಷದಲ್ಲಿ ಬರೆದುಕೊಳ್ಳಬಹುದಿತ್ತು.

ಇದರ ಪರಿಣಾಮ ಏನು ಎಂದು ಓದುಗರು ಗಮನಿಸಬೇಕು. ಕಟ್ಟಡ ಎಣಿಸುವ ಸೂಚ್ಯಂಕ ಇದ್ದರೆ ಕಟ್ಟಡ ಕಟ್ಟಿದಾಗಲೇ ತಾಲ್ಲೂಕು ಮುಂದೆ ಹೋದಂತೆ ಕಾಣುತ್ತದೆ. ಆದ್ದರಿಂದ ಹಣವೆಲ್ಲ ಸಿಮೆಂಟಿಗೆ, ಸಿಸಿ ರಸ್ತೆಗೆ, ಸಮುದಾಯ ಭವನಕ್ಕೆ ಹೋಗುತ್ತದೆ. ಗುತ್ತಿಗೆದಾರರಿಗೂ ಅದೇ ಅನುಕೂಲ, ಉದ್ಘಾಟನೆಗೂ ಅದೇ ಅನುಕೂಲ. ನರ್ಸ್ ಹುದ್ದೆ ತುಂಬಿದರೆ ಶಿಲಾಫಲಕ ಹಾಕಲು ಬರುವುದಿಲ್ಲವಲ್ಲ. ಒಳ್ಳೆಯ ಕಟ್ಟಡಗಳೂ ಬೇಕು. ಕಲಬುರಗಿಯಲ್ಲಿ 371(ಜೆ) ನೆನಪಿಗೆ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಶುರುವಾದಾಗ ನಾನೂ ಸಂತೋಷಪಟ್ಟೆ. ಎದೆನೋವು ಎಂದರೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡುತ್ತಿದ್ದ ಜನರಿಗೆ ಅದು ಜೀವ. ಆದರೆ ಆ ಆಸ್ಪತ್ರೆ ಜೀವ ಆಗಿರುವುದು ಒಳಗೆ ವೈದ್ಯರು ಇರುವುದರಿಂದ. ಹಳ್ಳಿಯ ಆರು ಮಂಚಕ್ಕೂ ಅದೇ ಮಾತು ಅನ್ವಯಿಸಬೇಕು.

ಇನ್ನು ಯಾವಾಗ ಎಣಿಸುತ್ತೇವೆ ಎಂಬುದು. ಬೆಂಗಳೂರಿನಲ್ಲಿ ಕೂತ ಸಂಶೋಧಕರಿಗೆ ಇದು ಹೊಳೆಯುವುದು ಕಷ್ಟ, ಅವರ ತಪ್ಪೂ ಅಲ್ಲ. ಶಾಲೆಯ ಲೆಕ್ಕ ಸೆಪ್ಟೆಂಬರ್ ಕೊನೆಯ ದಿನಕ್ಕೆ ತೆಗೆಯುವ ರೂಢಿ ಬಹಳ ಹಿಂದಿನದು. ಆ ಹೊತ್ತಿಗೆ ನಮ್ಮ ಒಣಬೇಸಾಯದ ಊರುಗಳಲ್ಲಿ ಹೊಲದಲ್ಲಿ ಬೆಳೆ ಇರುತ್ತದೆ, ಜನ ಊರಲ್ಲಿರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ತೊಗರಿ, ಹತ್ತಿ ಮುಗಿದ ಮೇಲೆ ಗುಳೆ ಶುರು. ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈ. ಮನೆಗೆ ಬೀಗ, ಇಲ್ಲವೇ ಮುದುಕಿಯೊಬ್ಬಳು. ದೊಡ್ಡ ಹುಡುಗಿಯನ್ನು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಜೊತೆಗೇ ಕರೆದೊಯ್ಯುತ್ತಾರೆ. ಫೆಬ್ರುವರಿಯಲ್ಲಿ ಹೋಗಿ ಅದೇ ಶಾಲೆಯಲ್ಲಿ ಎಣಿಸಿದರೆ ಬೇರೆಯೇ ಲೆಕ್ಕ. ಎರಡೂ ಸುಳ್ಳಲ್ಲ. ಆದರೆ ಸೆಪ್ಟೆಂಬರಿನ ಲೆಕ್ಕ ಮಾತ್ರ ಮೇಲೆ ಹೋಗುತ್ತದೆ. ಗುಳೆ ಹೋಗುವ ತಾಲ್ಲೂಕುಗಳಲ್ಲಿ ವರ್ಷಕ್ಕೆ ಎರಡು ಸಲ ಎಣಿಸಿ, ಸೆಪ್ಟೆಂಬರ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ. ಆ ಎರಡು ಅಂಕಿಯ ನಡುವಿನ ಅಂತರವೇ ನನ್ನ ಮಟ್ಟಿಗೆ ಈ ಭಾಗದ ಅತ್ಯಂತ ನಿಜವಾದ ಸೂಚಕ. ಬಡತನ, ನೀರಾವರಿ, ಕೂಲಿ, ಹೆಣ್ಣುಮಕ್ಕಳ ಶಿಕ್ಷಣ ನಾಲ್ಕೂ ಅದರೊಳಗಿವೆ.

ಸರಾಸರಿಯ ತೊಂದರೆ ಬೇರೆ. ಸಿಂಧನೂರು ಎಂದರೆ ಹೊರಗಿನವರಿಗೆ ಭತ್ತದ ಸೀಮೆ, ರೈಸ್ ಮಿಲ್ಲು, ಟ್ರ್ಯಾಕ್ಟರ್ ಶೋರೂಮು. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಎರಡು ಬೆಳೆ. ಅದೇ ನಾಲೆಯ ಕೆಳಗೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಯಲ್ಲಿ ಕೂಡುತ್ತಾರೆ. ಕಾಗದದಲ್ಲಿ ಇಬ್ಬರ ಜಮೀನೂ ‘ನೀರಾವರಿ ಪ್ರದೇಶ’. ಬೆಳೆ ಕಟಾವು ಪ್ರಯೋಗಕ್ಕೆ ಹೋದವರಿಗೆ ಇದು ಕಣ್ಣಾರೆ ಗೊತ್ತು. ಜೋಳದ ಹೊಲದಲ್ಲಿ 5 ಮೀಟರ್ ಉದ್ದ 5 ಮೀಟರ್ ಅಗಲ ಹಗ್ಗ ಹಿಡಿದು, ಕೊಯ್ದು, ಬಡಿದು, ತೂಗುವಾಗ, ಒಂದೇ ಹೋಬಳಿಯಲ್ಲಿ ಎರಡು ಊರಿನ ತೂಕ ಒಂದಕ್ಕೆ ಮೂರರಷ್ಟು ವ್ಯತ್ಯಾಸ ಇದ್ದದ್ದನ್ನು ನಾನು ನೋಡಿದ್ದೇನೆ. ಬೆಳೆ ವಿಮೆಗೆ ಮುಖ್ಯ ಬೆಳೆಗಳ ಲೆಕ್ಕವನ್ನು ಗ್ರಾಮ ಪಂಚಾಯಿತಿ ಮಟ್ಟಕ್ಕೇ ತಂದಿದ್ದಾರೆ. ವಿಮೆ ಕಂಪನಿಯ ಹಣ ಹಂಚಲು ಪಂಚಾಯಿತಿ ಘಟಕ ಆಗಬಹುದಾದರೆ ಸರ್ಕಾರದ ಹಣ ಹಂಚಲು ಏಕಾಗಬಾರದು? ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯೂ ಇದೆ, ಬೇಸಿಗೆಯಲ್ಲಿ ಊರಿಗೆ ಊರೇ ಖಾಲಿಯಾಗುವ ತಾಂಡಾಗಳೂ ಇವೆ. ತಾಲ್ಲೂಕಿನ ಸರಾಸರಿ ತೆಗೆದರೆ ಎರಡೂ ಮಾಯ.

ಕುಡಿಯುವ ನೀರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ತಮ್ಮ ಪತ್ರಿಕೆಯೇ ಸಾಕಷ್ಟು ಬರೆದಿದೆ. ನಲ್ಲಿ ಹಾಕಿದ ಲೆಕ್ಕ ಒಂದು, ನೀರು ಬಂದ ದಿನಗಳ ಲೆಕ್ಕ ಇನ್ನೊಂದು. ಫ್ಲೋರೈಡ್ ಇರುವ ಊರುಗಳಲ್ಲಿ ಶುದ್ಧ ನೀರಿನ ಘಟಕ ಎಷ್ಟು ದಿನ ಕೆಟ್ಟು ನಿಂತಿತ್ತು ಎಂಬುದು ಮೂರನೆಯದು.

ಈಗ ಸರ್ಕಾರಿ ಕೆಲಸದಲ್ಲಿ ಹೊಸತನದ ವಿಷಯ. ನಮ್ಮ ಭಾಗ ಎಂದರೆ ಯಾವಾಗಲೂ ಕೈಚಾಚುವವರು, ಹೊಸದೆಲ್ಲ ಬೆಂಗಳೂರಿನಿಂದ ಬರುತ್ತದೆ ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿದೆ. ಇದು ಸರಿಯಲ್ಲ. ರಾಜ್ಯದಲ್ಲಿ ಭೂ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಆರಂಭದ ಪ್ರಯೋಗ 1990ರ ದಶಕದ ಮೊದಲಲ್ಲಿ ನಡೆದದ್ದು ಕಲಬುರಗಿ ಜಿಲ್ಲೆಯಲ್ಲಿ. ಮುಂದೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿ ಹೋಯಿತು. ಪಟವಾರಿಯ ಹಿಂದೆ ಓಡಾಡುತ್ತಿದ್ದ ರೈತ ತಾಲ್ಲೂಕಿನ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ. ಸಕಾಲ ಕಾಯ್ದೆಯನ್ನು ತೆಗೆದುಕೊಳ್ಳಿ. 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬರುವ ಮೊದಲು, ಮಾರ್ಚ್ 1ರಿಂದ ಅದನ್ನು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಪುತ್ತೂರು, ಚಿತ್ರದುರ್ಗ, ಧಾರವಾಡ, ನಾಲ್ಕನೆಯದು ಬೀದರ್ ಜಿಲ್ಲೆಯ ಔರಾದ್. ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿದ್ದ, ರಾಜ್ಯದ ತುತ್ತತುದಿಯ ತಾಲ್ಲೂಕು. ಹೇಳಿದ ದಿನದೊಳಗೆ ಪ್ರಮಾಣಪತ್ರ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡಬೇಕು ಎಂಬ ನಿಯಮ ನಡೆಯುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷೆಯಾದ ನಾಲ್ಕು ಕಡೆಗಳಲ್ಲಿ ಅದೂ ಒಂದು.

ಔರಾದಿನಲ್ಲಿ ಆ ನಂತರ ಏನಾಯಿತು? ಓದು ಬರಹ ಕಡಿಮೆ ಇರುವ ಕಡೆ ಜನ ಎಷ್ಟು ಮಂದಿ ಮೇಲ್ಮನವಿ ಹಾಕಿದರು? ಮಧ್ಯವರ್ತಿಗಳು ಕಡಿಮೆಯಾದರೋ, ಜಾಗ ಬದಲಿಸಿದರೋ? ಮರಾಠಿ, ತೆಲುಗು, ಉರ್ದು ಮಾತಾಡುವ ಗಡಿ ಹಳ್ಳಿಯವರಿಗೆ ಕಿಂಡಿಯಲ್ಲಿ ಹೇಗಾಯಿತು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಸಂಶೋಧನೆ. ಹಿಂದುಳಿದ ತಾಲ್ಲೂಕಿನಲ್ಲಿ ಪ್ರಯೋಗ ಶುರು ಮಾಡುವುದು ಒಳ್ಳೆಯದು. ಮುಗಿದ ಮೇಲೆ ಅಲ್ಲಿನ ಜನ ಏನು ಕಂಡರು ಎಂದು ಅವರ ಹತ್ತಿರವೇ ಬಂದು ಕೇಳುವುದೂ ಅಷ್ಟೇ ಅಗತ್ಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟ ಮೇಲೆ ಎಷ್ಟೋ ಊರುಗಳಲ್ಲಿ ಅವು ಚಿಗುರಿವೆ, ಇದು ನಾನು ಕಂಡ ಮಾತು. ಸಂಜೆ ಹೊತ್ತು ಮಕ್ಕಳು ನೆಲದ ಮೇಲೆ ಕೂತು ಓದುವುದನ್ನು ನೋಡಿದರೆ ಎದೆ ತುಂಬುತ್ತದೆ. ಕೂಲಿಗೆ ಹೋಗುವ ತಾಯಂದಿರಿಗಾಗಿ ‘ಕೂಸಿನ ಮನೆ’ಗಳು ಬಂದಿವೆ. ಯೋಜನೆ ಬಹಳ ಒಳ್ಳೆಯದು. ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ ಎಂಬುದರ ಮೇಲೆ ಅದರ ಗೆಲುವು ನಿಂತಿದೆ, ಯಾಕೆಂದರೆ ಬೇಸಿಗೆಯಲ್ಲಿ ನಮ್ಮ ಕಡೆ ಕೂಲಿ ಶುರುವಾಗುವುದು ಬಿಸಿಲೇರುವ ಮೊದಲು. ಇದನ್ನು ಡ್ಯಾಶ್‌ಬೋರ್ಡ್ ಹೇಳುವುದಿಲ್ಲ. ಆ ತಾಯಿ ಹೇಳುತ್ತಾಳೆ.

ನಮ್ಮ ಭಾಗದಲ್ಲೇ ಈ ಕೆಲಸಕ್ಕೆ ತಕ್ಕ ಸಂಸ್ಥೆಗಳಿವೆ. ಗದಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಲಬುರಗಿ, ರಾಯಚೂರಿನ ವಿಶ್ವವಿದ್ಯಾಲಯಗಳಿವೆ, ಧಾರವಾಡದಲ್ಲಿ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ ಇದೆ. ಪ್ರತಿ ವರ್ಷ ನೂರಾರು ವಿದ್ಯಾರ್ಥಿಗಳು ಕ್ಷೇತ್ರ ಅಧ್ಯಯನ ಎಂದು ಹಳ್ಳಿಗೆ ಬರುತ್ತಾರೆ. ಅವರಲ್ಲಿ ಬಹಳ ಮಂದಿ ಇದೇ ಹಳ್ಳಿಗಳ ಮಕ್ಕಳು. ಪ್ರಶ್ನಾವಳಿ ತುಂಬಿಸಿಕೊಂಡು ಹೋಗಿ ಪ್ರಬಂಧ ಬರೆಯುತ್ತಾರೆ, ಪದವಿ ಆಗುತ್ತದೆ. ಪ್ರಬಂಧ ಗ್ರಂಥಾಲಯ ಸೇರುತ್ತದೆ. ಲೆಕ್ಕ ಕೊಟ್ಟ ಊರಿಗೆ ಅದರ ಒಂದು ಹಾಳೆಯೂ ಬರುವುದಿಲ್ಲ. ದೇವದುರ್ಗ ಕಡೆಯ ಒಬ್ಬ ಅಜ್ಜಿ ನನ್ನನ್ನು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ: ‘ನೀವೂ ಬರ್ಕೊಂಡು ಹೋಗ್ತೀರಿ ಸಾಹೇಬ್ರ, ಕಾಲೇಜಿನವ್ರೂ ಬರ್ಕೊಂಡು ಹೋಗ್ತಾರ. ಅದು ಯಾರ ಕೈಗಿ ಹೋಗ್ತದ, ಏನ್ ಆಗ್ತದ, ನಮಗ ಯಾರೂ ಬಂದು ಹೇಳಲ್ಲ.’ ನಂಜುಂಡಪ್ಪ ವರದಿಯ ಪ್ರತಿಯನ್ನಾಗಲಿ, ಅದರಲ್ಲಿ ತಮ್ಮ ತಾಲ್ಲೂಕಿನ ಬಗ್ಗೆ ಇರುವ ಪುಟವನ್ನಾಗಲಿ ನಾನು ಕೆಲಸ ಮಾಡಿದ ಒಂದೇ ಒಂದು ಗ್ರಾಮ ಪಂಚಾಯಿತಿಯಲ್ಲೂ ಕಾಣಲಿಲ್ಲ. ದೇವದುರ್ಗ ರಾಜ್ಯದಲ್ಲೇ ಕಡೆಯದು ಎಂದು ಪತ್ರಿಕೆಯಲ್ಲಿ ಓದಿದವರಿದ್ದಾರೆ. ಯಾವುದರಲ್ಲಿ ಕಡೆ, ಎಷ್ಟು ಕಡೆ, ಯಾವುದರಲ್ಲಿ ಪರವಾಗಿಲ್ಲ ಎಂದು ತಿಳಿದವರು ಇಲ್ಲ.

ಲೆಕ್ಕ ಊರಿನ ಮುಂದೆ ಬಂದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕಣ್ಣೆದುರಿನ ಒಂದು ನಿದರ್ಶನ ಇದೆ. ನಿವೃತ್ತಿಗೆ ಸ್ವಲ್ಪ ಮುಂಚೆ ನಾನು ಹೋಗುತ್ತಿದ್ದ ಒಂದು ಪಂಚಾಯಿತಿಯಲ್ಲಿ ಗ್ರಂಥಾಲಯದ ಮೇಲ್ವಿಚಾರಕಿ ತಾನಾಗಿಯೇ ಒಂದು ಕೆಲಸ ಶುರು ಮಾಡಿದ್ದಳು. ಹೊರಗೋಡೆಗೆ ಕಪ್ಪು ಬಣ್ಣ ಬಳಿಸಿ, ತಿಂಗಳಿಗೊಮ್ಮೆ ಸೀಮೆಸುಣ್ಣದಲ್ಲಿ ನಾಲ್ಕೈದು ಸಾಲು ಬರೆಯುತ್ತಿದ್ದಳು. ಆರೋಗ್ಯ ಕೇಂದ್ರದಲ್ಲಿ ವೈದ್ಯರು ಇದ್ದ ದಿನ, ಶಾಲೆಯಲ್ಲಿ ಖಾಲಿ ಇರುವ ಹುದ್ದೆ, ನೀರಿನ ಘಟಕ ಓಡಿದ ದಿನ, ರೇಷನ್ ಅಂಗಡಿ ತೆರೆದ ದಿನ. ಯಾರ ಮೇಲೂ ದೂರು ಬರೆಯಲಿಲ್ಲ, ಅಂಕಿ ಮಾತ್ರ. ಮೊದಮೊದಲು ಕೆಲವರಿಗೆ ಸಿಟ್ಟು ಬಂತು, ಅಳಿಸಲು ಹೇಳಿದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಅವಳ ಪರ ನಿಂತರು. ನಂತರದ ಗ್ರಾಮಸಭೆಯಲ್ಲಿ ನಾನಿದ್ದೆ. ಸಾಮಾನ್ಯವಾಗಿ ಮನೆ, ಪಿಂಚಣಿ, ಮನೆ, ಪಿಂಚಣಿ ಎಂದೇ ಮುಗಿಯುವ ಸಭೆ. ಅಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಎದ್ದು ನೀರಿನ ಘಟಕದ ಬಗ್ಗೆಯೇ ಕೇಳಿದರು. ತಿಂಗಳ ಅರ್ಧದಷ್ಟು ದಿನ ಕೆಟ್ಟು ನಿಂತಿತ್ತೆಂದು ಗೋಡೆಯ ಮೇಲೆ ಇದೆ, ರಿಪೇರಿ ಯಾರ ಜವಾಬ್ದಾರಿ ಎಂದು ಬರೆಯಿರಿ ಎಂದರು. ನಡಾವಳಿಯಲ್ಲಿ ಬರೆಯಲೇಬೇಕಾಯಿತು. ಘಟಕ ದುರಸ್ತಿಯಾಯಿತು. ವೈದ್ಯರ ವಿಷಯ ಬಗೆಹರಿಯಲಿಲ್ಲ, ಅದು ಪಂಚಾಯಿತಿಯ ಕೈಯಲ್ಲಿರಲಿಲ್ಲ. ಆದರೂ ಅಷ್ಟರ ಮಟ್ಟಿಗೆ ಆದದ್ದು ಒಂದು ಡಬ್ಬಿ ಬಣ್ಣದಿಂದ. ಸರ್ಕಾರಿ ಕೆಲಸದಲ್ಲಿ ಹೊಸತನ ಎಂದು ನಾನು ಇದನ್ನು ಕರೆಯುತ್ತೇನೆ. ಯಾವ ಪ್ರಶಸ್ತಿಯೂ ಅವಳಿಗೆ ಬರಲಿಲ್ಲ, ಆಕೆಗೆ ಸಿಗುತ್ತಿದ್ದ ಗೌರವಧನವೂ ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ.

ಹೀಗಾಗಿ ಸಮಿತಿಗೂ, ಯೋಜನಾ ಇಲಾಖೆಗೂ, ಮಂಡಳಿಗೂ ತಮ್ಮ ಪತ್ರಿಕೆಯ ಮೂಲಕ ನನ್ನ ಬೇಡಿಕೆ ಇದು. ಹೊಸ ಸೂಚ್ಯಂಕ ತಾಲ್ಲೂಕಿಗೆ ನಿಲ್ಲಬಾರದು, ಗ್ರಾಮ ಪಂಚಾಯಿತಿಯವರೆಗೆ ಇಳಿಯಬೇಕು. ಎಲ್ಲ 35 ಸೂಚಕಗಳನ್ನೂ ಅಲ್ಲಿಗೆ ಇಳಿಸಲು ಆಗುವುದಿಲ್ಲ, ನನಗೆ ಗೊತ್ತು. ತಲಾ ಬ್ಯಾಂಕ್ ಸಾಲ, ರೈಲು ಹಳಿಯ ಉದ್ದ ಇಂಥವು ತಾಲ್ಲೂಕಿನಲ್ಲೇ ಇರಲಿ. ಆರೋಗ್ಯ, ಶಾಲೆ, ನೀರು, ಗುಳೆ ಇವುಗಳ ಲೆಕ್ಕ ಪಂಚಾಯಿತಿವಾರು ಈಗಾಗಲೇ ಬೇರೆ ಬೇರೆ ಇಲಾಖೆಯ ರಿಜಿಸ್ಟರುಗಳಲ್ಲಿದೆ. ಕೂಡಿಸುವುದೊಂದೇ ಬಾಕಿ. ಕೂಡಿಸುವವರು ಬೇಕಲ್ಲ ಎಂದರೆ, ಸಾಂಖ್ಯಿಕ ಇಲಾಖೆಯಲ್ಲಿ ಖಾಲಿ ಇರುವ ಹುದ್ದೆಗಳನ್ನು ತುಂಬಲಿ. ಒಬ್ಬ ನಿರೀಕ್ಷಕ ಎರಡು ತಾಲ್ಲೂಕು ನೋಡುವಾಗ ಲೆಕ್ಕ ಹೇಗೆ ಬರುತ್ತದೆ ಎಂದು ಆ ಕುರ್ಚಿಯಲ್ಲಿ ಕೂತವನಿಗೇ ಗೊತ್ತು: ಹೋದ ವರ್ಷದ ಅಂಕಿಯ ಮೇಲೆ ಸ್ವಲ್ಪ ಹೆಚ್ಚಿಸಿ ಕಳಿಸಿದವರನ್ನು ನಾನು ನೋಡಿದ್ದೇನೆ.

ಆ ಲೆಕ್ಕವನ್ನು ಕನ್ನಡದಲ್ಲಿ, ಒಂದು ಪಂಚಾಯಿತಿಗೆ ಒಂದು ಹಾಳೆಯಂತೆ ಅಚ್ಚು ಹಾಕಿಸಿ ಕಳಿಸಬೇಕು. ರಾಜ್ಯದ ಸರಾಸರಿ ಇಷ್ಟು, ನಿಮ್ಮ ತಾಲ್ಲೂಕಿನದು ಇಷ್ಟು, ನಿಮ್ಮ ಪಂಚಾಯಿತಿಯದು ಇಷ್ಟು. ಅದರ ಹಿಂಬದಿಯಲ್ಲಿ, ಈ ವರ್ಷ ನಿಮ್ಮ ಪಂಚಾಯಿತಿಯಲ್ಲಿ ಮಂಡಳಿಯ ಹಣದಿಂದ ಆದ ಕೆಲಸ ಯಾವುದು, ಎಷ್ಟು ಖರ್ಚು. ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ ಖರ್ಚನ್ನು ಜನರ ಮುಂದೆ ಓದಿ, ಕಾಮಗಾರಿ ತೋರಿಸುವ ಪದ್ಧತಿ. ಅದೇ ದಿನ ಈ ಹಾಳೆಯನ್ನೂ ಓದಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಸಮಿತಿ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು. ತಪ್ಪು ಅಂಕಿ ಇದ್ದರೆ ಅಲ್ಲೇ ಜನ ತಿದ್ದುತ್ತಾರೆ. ‘ನಮ್ಮ ಊರಾಗ ಡಾಕ್ಟರ್ ಎಲ್ಲಿ ಅದಾರ್ರೀ’ ಎಂದು ಒಬ್ಬರು ಎದ್ದು ಕೇಳಿದರೆ ಆ ಕಾಲಂ ಮುಂದಿನ ವರ್ಷ ಸರಿಯಾಗಿ ತುಂಬುತ್ತದೆ. ವಿಶ್ವವಿದ್ಯಾಲಯಗಳೂ ತಮ್ಮ ವಿದ್ಯಾರ್ಥಿಗಳಿಗೆ ಪ್ರಬಂಧದ ಜೊತೆಗೆ, ಅಧ್ಯಯನ ಮಾಡಿದ ಊರಿನ ಗ್ರಾಮಸಭೆಯಲ್ಲಿ ಅದನ್ನು ಹೇಳಿ ಬರುವುದನ್ನು ಕಡ್ಡಾಯ ಮಾಡಲಿ.

2001ರ ಮಾಹಿತಿಯ ಮೇಲೆ ನಿಂತ ರಾಜ್ಯದ ಮಾನವ ಅಭಿವೃದ್ಧಿ ವರದಿಯಲ್ಲೂ ರಾಯಚೂರು 0.547ರೊಂದಿಗೆ ಎಲ್ಲ ಜಿಲ್ಲೆಗಳಿಗಿಂತ ಕೆಳಗಿತ್ತು. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷಿ ಜಿಲ್ಲೆ ಎಂದು ಆರಿಸಿದಾಗ ಕರ್ನಾಟಕದಿಂದ ಹೋದ ಎರಡು ಹೆಸರು ರಾಯಚೂರು, ಯಾದಗಿರಿ. ಪ್ರತಿ ಹತ್ತು ವರ್ಷಕ್ಕೊಮ್ಮೆ ಹೊರಗಿನವರು ಬಂದು ನಮಗೆ ನಾವು ಎಲ್ಲಿದ್ದೇವೆ ಎಂದು ಹೇಳಿ ಹೋಗುತ್ತಿದ್ದಾರೆ. ಈ ಸಲ ಹಾಳೆ ನಮ್ಮ ಕೈಗೆ ಬರಲಿ.

ಜಮಾಬಂದಿಯ ದಿನ ಅದನ್ನು ಓದಿ ತಿಳಿಸಿ ಹೇಳುವವರು ಯಾರು ಎಂದು ಇಲಾಖೆಯವರು ಕೇಳಬಹುದು. ನನ್ನ ಹಾಗೆ ನಿವೃತ್ತರಾದ ಸಾಂಖ್ಯಿಕ ಇಲಾಖೆಯವರು, ಶಿಕ್ಷಕರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಲ್ಲಿ ಕೆಲವರ ಜೊತೆ ಮಾತಾಡಿದ್ದೇನೆ. ಬಸ್ ಚಾರ್ಜನ್ನೂ ಕೇಳದೆ ಬರಲು ಒಪ್ಪಿದ್ದಾರೆ.

ಇಂತಿ,
ನಿವೃತ್ತ ಸಾಂಖ್ಯಿಕ ನಿರೀಕ್ಷಕ
ಲಿಂಗಸುಗೂರು, ರಾಯಚೂರು ಜಿಲ್ಲೆ